ಆರಂಭಿಸಲೇ?

ಹೊದಿಕೆಯ ಒಂದು ತುದಿ ಅವಳ ಕೈಯಲ್ಲಿತ್ತು, ಇನ್ನೊಂದು ತುದಿ ಮಗಳ ಕೈಯಲ್ಲಿ. ಒದ್ದೆ ಹೊದಿಕೆಯನ್ನು ಹಿಂಡಬೇಕಾದರೆ ಎದುರುಬದುರು ನಿಂತ ಇಬ್ಬರೂ ತಮ್ಮ ತಮ್ಮ ಬಲಕ್ಕೆ ತಿರುವಬೇಕು. ಎಂಟು ವರ್ಷದ ಹುಡುಗಿಗೆ ಇದು ಎಷ್ಟು ಹೇಳಿದರೂ ತಲೆಗೆ ಹತ್ತುತ್ತಿರಲಿಲ್ಲ. ಅಮ್ಮನ ಕೈ ಯಾವ ಕಡೆಗೆ ಹೋಗುತ್ತದೋ ತನ್ನ ಕೈಯನ್ನೂ ಅದೇ ಕಡೆಗೆ ತಿರುಗಿಸುತ್ತಿದ್ದಳು; ಹೊದಿಕೆ ಹಿಂಡಿಕೊಳ್ಳದೆ ಇಬ್ಬರ ನಡುವೆ ಸುಮ್ಮನೆ ಹೊರಳುತ್ತಿತ್ತು. “ನನ್ನ ಕೈ ನೋಡ್ಬೇಡ ಕಡ್ಡಿ, ನಿನ್ನ ಕೈ ನೋಡ್ಕೋ,” ಎಂದಳು. ಕಡ್ಡಿ ಎಂಬ ಹೆಸರು ಅಜ್ಜಿ ಇಟ್ಟದ್ದು. ಅಜ್ಜಿ ಹೋಗಿ ಎರಡು ವರ್ಷವಾದರೂ ಹೆಸರು ಉಳಿದಿತ್ತು, ಹುಡುಗಿ ಮೈಕೈ ತುಂಬಿಕೊಳ್ಳುವ ಲಕ್ಷಣವೂ ಇರಲಿಲ್ಲ. “ಅಮ್ಮಾ, ಒಂದು ಕೇಳ್ಲಾ?” “ಮೊದ್ಲು ತಿರುವು.” “ತಿರುವ್ತಾ ಇದೀನಲ್ಲ. ನಾನು ತಪ್ಪು ಬರೆದ್ರೆ ಒಂದೇ ಒಂದು ಗೆರೆ ಎಳಿ, ಗೀಚಬೇಡ, ಗೀಚಿದ್ರೆ ತಪ್ಪು ಹೋಗಲ್ಲ ಅಂತೀಯಲ್ಲ ನೀನು...” ಅಷ್ಟರಲ್ಲಿ ಒಳಗಿನ ಕೋಣೆಯಿಂದ ಮೇಜು ಗುದ್ದಿದ ಸದ್ದು, ಅದರ ಬೆನ್ನಿಗೇ “ಥೂ, ಇದರ!” ಎಂಬುದೂ ಕೇಳಿಸಿತು. ಮಗಳು ಬೆಚ್ಚಿ ತುದಿ ಬಿಟ್ಟಳು. ತೊಳೆದ ಹೊದಿಕೆ ಅಂಗಳದ ಮಣ್ಣಿನ ಮೇಲೆ ಧೊಪ್ಪನೆ ಬಿತ್ತು.

“ಬಾರೇ ಇಲ್ಲಿ,” ಎಂಬ ಕೂಗು ಬರುತ್ತದೆಂದು ಅವಳಿಗೆ ಗೊತ್ತಿತ್ತು, ಬಂತು. ಕೂಗಿದ್ದು ಸಹಾಯಕ್ಕಲ್ಲ. ಮೇಷ್ಟ್ರು ಸಹಾಯಕ್ಕೆಂದು ಯಾರನ್ನೂ ಕರೆಯುವುದಿಲ್ಲ, ನೋಡಲಿಕ್ಕೆ ಕರೆಯುತ್ತಾರೆ. ಗಂಡನನ್ನು ಮನಸ್ಸಿನೊಳಗೆ ಮೇಷ್ಟ್ರು ಎಂದು ಕರೆಯಲು ಅವಳು ಯಾವಾಗ ಶುರುಮಾಡಿದಳೋ ಅವಳಿಗೇ ನೆನಪಿಲ್ಲ. ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಹೇಳಿಕೊಡುವವರನ್ನು ಊರೆಲ್ಲ ಕರೆಯುವುದೇ ಹಾಗೆ, ಊರು ಗೌರವಕ್ಕೆ ಕರೆಯುತ್ತದೆ, ಅವಳು ಇನ್ನೊಂದಕ್ಕೆ. ಕೋಣೆಯ ಬಾಗಿಲಲ್ಲಿ ಒದ್ದೆ ಕೈ ಸೆರಗಿಗೆ ಒರೆಸುತ್ತ ನಿಂತಳು. ಮೇಜಿನ ಮೇಲೆ ಕಂಪ್ಯೂಟರಿನ ಡಬ್ಬಿ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಬಿಚ್ಚಿದ ತಿರುಪುಗಳನ್ನು ಮೇಷ್ಟ್ರು ಕಾಫಿಯ ತಟ್ಟೆಗೆ ಹಾಕಿದ್ದರು, ತಟ್ಟೆಯಲ್ಲಿ ಇನ್ನೂ ಅರ್ಧ ಗುಟುಕು ಕಾಫಿಯಿತ್ತು. ಕಾಫಿಯಲ್ಲಿ ಮುಳುಗಿದ ತಿರುಪುಗಳನ್ನು ಅವಳು ನೋಡಿದಳು. ಉದ್ದದ್ದು ಯಾವುದು, ಗಿಡ್ಡದ್ದು ಯಾವುದು, ಡಿಸ್ಕಿಗೆ ಹೋಗುವುದು ಯಾವುದು, ಮುಚ್ಚಳಕ್ಕೆ ಹೋಗುವುದು ಯಾವುದು ಎಂದು ಇನ್ನು ಆ ದೇವರೇ ಹೇಳಬೇಕು. ಮೇಷ್ಟ್ರು ಪರದೆಗೆ ಬೆರಳು ತೋರಿಸಿ, “ನೋಡು, ಡಿಸ್ಕೇ ಇಲ್ವಂತೆ,” ಎಂದರು.

ಪರದೆಯ ಮೇಲೆ ಹಾಗೆ ಬರೆದಿರಲಿಲ್ಲ. “ಯಾವುದೇ ಡಿಸ್ಕ್ ಸಿಗಲಿಲ್ಲ. ನಿಯಂತ್ರಕವನ್ನು ಪರಿಶೀಲಿಸಿ,” ಎಂದು ಬರೆದಿತ್ತು. ಸಿಗಲಿಲ್ಲ ಎಂದರೆ ಇಲ್ಲ ಎಂದಲ್ಲ. ಆ ‘ಸಿಗಲಿಲ್ಲ’ವನ್ನು ಆರಿಸಲು ಅವಳು ಒಂದು ಇಡೀ ಮಧ್ಯಾಹ್ನ ತೆಗೆದುಕೊಂಡಿದ್ದಳು, ಆಗ ಕಡ್ಡಿ ಆರು ತಿಂಗಳ ಕೂಸು, ತೊಟ್ಟಿಲ ಹಗ್ಗವನ್ನು ಕಾಲ ಹೆಬ್ಬೆರಳಿಗೆ ಸುತ್ತಿಕೊಂಡು, ತೊಡೆಯ ಮೇಲೆ ಉದ್ದನೆಯ ಕೆಂಪು ರಟ್ಟಿನ ಪುಸ್ತಕ ಇಟ್ಟುಕೊಂಡು, ಪುಟದ ಎಡಗಡೆ ಇಂಗ್ಲಿಷಿನ ವಾಕ್ಯ, ಬಲಗಡೆ ನಮ್ಮದು. ಯಾರೂ ಒಡೆಯರಿಲ್ಲದ, ಯಾರು ಬೇಕಾದರೂ ತೆಗೆದು ನೋಡಬಹುದಾದ, ತಿದ್ದಬಹುದಾದ, ಕಂಪ್ಯೂಟರನ್ನು ನಡೆಸುವ ಆ ವ್ಯವಸ್ಥೆಯನ್ನು ಜನ ತಮ್ಮ ತಮ್ಮ ಭಾಷೆಗೆ ತಾವೇ ತಂದುಕೊಳ್ಳುತ್ತಿದ್ದರು. ಅವಳ ಪಾಲಿಗೆ ಬಂದದ್ದು ಅದನ್ನು ಯಂತ್ರಕ್ಕೆ ಹಾಕುವಾಗ ಬರುವ ಮಾತುಗಳು: ನಾಲ್ಕುನೂರ ಚಿಲ್ಲರೆ ವಾಕ್ಯ. “ಕಾಣಲಿಲ್ಲ” ಎಂದು ಬರೆದರೆ ಕುರುಡಾಗುತ್ತದೆ, “ಇಲ್ಲ” ಎಂದು ಬರೆದರೆ ಸುಳ್ಳಾಗುತ್ತದೆ. ಸಿಗಲಿಲ್ಲ ಎಂದರೆ ಹುಡುಕಿದವನ ಸೋಲು, ಹುಡುಕಿಸಿಕೊಂಡದ್ದರ ದೋಷವಲ್ಲ. ಅಷ್ಟು ಯೋಚನೆ ಮಾಡಿ ಇಟ್ಟ ಮಾತನ್ನು ಮೇಷ್ಟ್ರು ಒಂದೇ ಏಟಿಗೆ ‘ಇಲ್ವಂತೆ’ ಮಾಡಿಬಿಟ್ಟರು. ಓದಲಿಕ್ಕೂ ಬರುವುದಿಲ್ಲ ಎಂದುಕೊಂಡಳು. “ನಿಯಂತ್ರಕ! ನಮ್ಮ ಕಾಲೇಜಿನ ಪರೀಕ್ಷಾ ನಿಯಂತ್ರಕರು ರಜದಲ್ಲಿದಾರೆ, ಪರಿಶೀಲಿಸೋಕಾಗಲ್ಲ,” ಎಂದು ಮೇಷ್ಟ್ರು ತಮ್ಮ ಮಾತಿಗೆ ತಾವೇ ನಕ್ಕರು. “ಯಾವನೋ ಮಾಡೋಕೆ ಕೆಲಸ ಇಲ್ದೋನು ಕೂತು ಅನುವಾದ ಮಾಡಿದಾನೆ ಕಣೇ. ಕಂಟ್ರೋಲರ್ ಅಂದಿದ್ರೆ ಆಗ್ತಿರ್ಲಿಲ್ವಾ?” ಒಂದು ಕಾಲದಲ್ಲಿ ಅವಳು ಹೇಳಿದ್ದಳು, ಹೀಗೊಂದು ಕೆಲಸ ಮಾಡುತ್ತಿದ್ದೇನೆ ಎಂದು, “ಒಳ್ಳೇದು, ಹೊತ್ತು ಹೋಗುತ್ತೆ,” ಎಂದಿದ್ದರು. ಆ ಹೊತ್ತು ಹೋಗಿತ್ತು, ಅವರ ತಲೆಯಿಂದಲೂ.

“ಡಿಸ್ಕ್ ಅಂದ್ರೆ ಒಂದು ಬೀರು ಅಂದ್ಕೋ,” ಎಂದು ಮೇಷ್ಟ್ರು ಪಾಠ ಶುರುಮಾಡಿದರು. ಎದುರಿಗೆ ಯಾರಾದರೂ ಎರಡು ನಿಮಿಷ ಸುಮ್ಮನೆ ನಿಂತರೆ ಸಾಕು, ಅವರ ಕಂಠ ತಾನಾಗಿಯೇ ತರಗತಿಯ ಕಂಠವಾಗುತ್ತದೆ. “ಬೀರುವಿನಲ್ಲಿ ಎರಡು ಅರೆ. ಮೇಲಿನ ಅರೆಯಲ್ಲಿ ಹಳೇ ವ್ಯವಸ್ಥೆ ಇತ್ತು, ಅದು ಕೆಟ್ಟು ಕೂತಿದೆ, ಅದನ್ನ ತೆಗೆದು ಈ ಹೊಸದನ್ನ ಹಾಕೋದು. ಕೆಳಗಿನ ಅರೆಯಲ್ಲಿ ನಮ್ಮ ಫೋಟೋ, ಅಮ್ಮನ ಧ್ವನಿ ಎಲ್ಲ ಇದೆಯಲ್ಲ, ಅದನ್ನ ನಾನು ಮುಟ್ಟೋದೇ ಇಲ್ಲ. ಗೊತ್ತಾಯ್ತಾ?” “ಹೂಂ,” ಎಂದಳು. “ಈಗ ಸಮಸ್ಯೆ ಏನಪ್ಪಾ ಅಂದ್ರೆ, ಇದಕ್ಕೆ ಬೀರುವೇ ಕಾಣ್ತಿಲ್ಲ.” ಹತ್ತು ಸಲ ಕೇಬಲ್ ಕಿತ್ತು ಹಾಕಿದ್ದರು, ಹೊಸ ವ್ಯವಸ್ಥೆಯನ್ನು ತುಂಬಿಕೊಂಡು ಬಂದ ಪೆನ್‌ಡ್ರೈವನ್ನು ಊದಿ ಊದಿ ಚುಚ್ಚಿದ್ದರು, ಡಿಸ್ಕಿನ ಬೆನ್ನ ಮೇಲೆ ಬೆರಳಿನಿಂದ ಕುಟ್ಟಿ ಕಿವಿಯಿಟ್ಟು ಕೇಳಿದ್ದರು, ಹಣ್ಣಾಗಿದೆಯೇ ಎಂದು ಕಲ್ಲಂಗಡಿಯನ್ನು ಕುಟ್ಟಿ ನೋಡುವ ಹಾಗೆ. ನಾಳೆ ಸ್ಟಾಫ್ ರೂಮಿನಲ್ಲಿ ಅವರು ಮಾತಾಡಬೇಕು: ಎಲ್ಲರ ಯಂತ್ರಕ್ಕೂ ನಮ್ಮದೇ ಭಾಷೆಯ ಸ್ವತಂತ್ರ ವ್ಯವಸ್ಥೆ, ನಾನೇ ಮನೆಯಲ್ಲಿ ಮಾಡಿ ನೋಡಿದ್ದೇನೆ, ಒಂದು ಗಂಟೆ ಸಾಕು. ಆ ಒಂದು ಗಂಟೆ ಈಗ ಮೂರಾಗಿತ್ತು.

ಆ ಡಬ್ಬಿಯನ್ನು ಜೋಡಿಸಿದವಳು ಅವಳೇ. ಏಳನೇ ತಿಂಗಳಿನಲ್ಲಿ ಹೊಟ್ಟೆ ಮೇಜಿಗೆ ತಾಗುತ್ತಿದ್ದಾಗ ಪಕ್ಕಕ್ಕೆ ತಿರುಗಿ ಕೂತು ಜೋಡಿಸಿದ್ದಳು. ಒಳಗಿರುವುದು ಒಂದು ಬೀರುವಲ್ಲ, ಒಂದರ ಕೆಳಗೊಂದು ಮರೆಯಾಗಿ ಕೂತ ಎರಡು ಡಿಸ್ಕ್. ಬರೆದದ್ದನ್ನೆಲ್ಲ ಎರಡಕ್ಕೂ ಅರ್ಧರ್ಧ ಹಂಚುವ ಹಾಗೆ, ಡಿಸ್ಕುಗಳನ್ನು ನೋಡಿಕೊಳ್ಳುವ ಕಂಟ್ರೋಲರಿಗೆ ಹೇಳಿಟ್ಟಿದ್ದಳು. ಒಂದು ಸಾಲು ಬರೆದರೆ ಮೊದಲ ತುಂಡು ಇದಕ್ಕೆ, ಎರಡನೆಯದು ಅದಕ್ಕೆ, ಮೂರನೆಯದು ಮತ್ತೆ ಇದಕ್ಕೆ. ಎರಡೂ ಒಟ್ಟಿಗೆ ದುಡಿಯುವುದರಿಂದ ಕೆಲಸ ಬೇಗ. ಒಂದನ್ನೇ ಎತ್ತಿ ನೋಡಿದರೆ ಬರೀ ತೊದಲು. ಯಾವ ತುಂಡಿನ ಮುಂದೆ ಯಾವ ತುಂಡು ಎಂಬುದು ಕಂಟ್ರೋಲರಿಗೆ ಮಾತ್ರ ಗೊತ್ತು, ಆ ಕಂಟ್ರೋಲರಿನ ಭಾಷೆ ಹೊಸ ವ್ಯವಸ್ಥೆಗೆ ಗೊತ್ತಿಲ್ಲ. ಯಂತ್ರ ಶುರುವಾಗುವಾಗ ಕಪ್ಪು ಪರದೆಯಲ್ಲಿ ಬರುವ ಸಾಲಿನ ತುದಿಗೆ ಒಂದು ಪದ, ಆರೇ ಅಕ್ಷರದ ಒಂದು ಪದ, ಸೇರಿಸಿಬಿಟ್ಟರೆ ಅದು ಕಂಟ್ರೋಲರನ್ನು ಮಾತಾಡಿಸುತ್ತದೆ, ಎರಡು ಡಿಸ್ಕೂ ಒಂದಾಗಿ ಎದ್ದು ನಿಲ್ಲುತ್ತವೆ. ಕಂಪ್ಯೂಟರ್ ರಿಪೇರಿಯ ಅಂಗಡಿಯಲ್ಲಿ ಕೆಲಸಕ್ಕಿದ್ದ ಆರು ವರ್ಷದಲ್ಲಿ ಎಷ್ಟು ಸಲ ಹೊಡೆದಿದ್ದಳೋ, ಆ ಪದ ಈಗಲೂ ಬೆರಳುಗಳಿಗೆ ನೆನಪಿತ್ತು. ಬಾಗಿಲಲ್ಲಿ ನಿಂತಲ್ಲೇ ಸೆರಗಿನ ಕೆಳಗೆ ಬೆರಳುಗಳು ಆರು ಸಲ ಅಲುಗಿದವು. ಕೇಳಲಿ, ಎಂದುಕೊಂಡಳು. ಒಂದೇ ಒಂದು ಸಲ ‘ನಿನಗೇನಾದರೂ ಗೊತ್ತಾ?’ ಅನ್ನಲಿ. ಮೇಷ್ಟ್ರು ತಲೆಯೆತ್ತಿ ನೋಡಿದರು. ಅವಳ ಎದೆ ಒಮ್ಮೆ ಹಗುರಾಯಿತು. “ಇನ್ನೊಂದು ಲೋಟ ಕಾಫಿ ಸಿಗುತ್ತಾ?” ಎಂದರು.

ಕಾಫಿ ಇಟ್ಟು, ಮಣ್ಣಾದ ಹೊದಿಕೆಯನ್ನು ಮತ್ತೆ ನೆನೆಹಾಕಿ, ಹುರುಳಿಕಾಯಿ ಹೆಚ್ಚಲು ಕೂತಳು. ಮಗಳು ಅಡುಗೆಮನೆಯ ಹೊಸ್ತಿಲ ಮೇಲೆ ಕೆಂಪು ರಟ್ಟಿನ ಆ ಹಳೆಯ ಪುಸ್ತಕ ಹರಡಿಕೊಂಡು ಕೂತಿದ್ದಳು. ಪುಸ್ತಕದ ಒಂದೇ ಮಗ್ಗುಲಿಗೆ ಬರೆದಿತ್ತಾದ್ದರಿಂದ ಇನ್ನೊಂದು ಮಗ್ಗುಲೆಲ್ಲ ಕಡ್ಡಿಗೆ ಚಿತ್ರ ಬರೆಯಲು ಸಿಕ್ಕಿತ್ತು. ನಾಲ್ಕುನೂರ ಚಿಲ್ಲರೆ ವಾಕ್ಯಗಳ ಬೆನ್ನ ಮೇಲೆ ಈಗ ಬೆಕ್ಕು, ಬಸ್ಸು, ಮೂರು ಕಾಲಿನ ಕುದುರೆಗಳು. “ಅಮ್ಮಾ, ಈಗ ಕೇಳ್ಲಾ?” “ಕೈಯಲ್ಲಿ ಚಾಕು ಇದೆ, ಮಾತಾಡಿಸ್ಬೇಡ.” ಚಾಕುವಿನ ನೆಪ ಸುಳ್ಳು, ಅವಳು ಕೋಣೆಯ ಕಡೆಗೆ ಕಿವಿಯಿಟ್ಟಿದ್ದಳು. ಮೇಷ್ಟ್ರು ಫೋನನ್ನು ಎಲ್ಲರಿಗೂ ಕೇಳುವಂತೆ ಹಾಕಿಕೊಂಡು ಕಾಲೇಜಿನ ಲೈಬ್ರರಿಯನ್ನು ಮಾತಾಡಿಸುತ್ತಿದ್ದರು. ಲೈಬ್ರರಿ ಎಂದರೆ ಲೈಬ್ರರಿಯನ್, ಅವರನ್ನೂ ಎಲ್ಲರೂ ಕರೆಯುವುದು ಹಾಗೇ. “ಮದರ್‌ಬೋರ್ಡೇ ಹೋಗಿರ್ಬೇಕು ಕಣ್ರೀ,” ಎನ್ನುತ್ತಿದ್ದರು ಮೇಷ್ಟ್ರು. ಮದರ್‌ಬೋರ್ಡ್ ಹೋಗಿದ್ದರೆ ಪರದೆಯ ಮೇಲೆ ಅಕ್ಷರ ಹೇಗೆ ಬರುತ್ತದಪ್ಪಾ ಪಂಡಿತ, ಎಂದುಕೊಂಡು ಅವಳು ಹುರುಳಿಕಾಯಿಯ ನಾರು ಎಳೆದಳು. ಅತ್ತಲಿಂದ ಲೈಬ್ರರಿಯ ಮೆಲುದನಿ: “ಸಾರ್, ನಿಮ್ಮನೇಲಿ ಮೇಡಂ ಮೊದ್ಲು ಇದೇ ಕೆಲ್ಸಾನೇ ಮಾಡ್ತಿದ್ರಲ್ವಾ? ಅವರ್ನ ಒಂದ್ಮಾತು ಕೇಳ್ಬಾರ್ದಾ?” ಚಾಕು ನಿಂತಿತು. “ಅಯ್ಯೋ ಬಿಡ್ರೀ,” ಎಂದರು ಮೇಷ್ಟ್ರು, ಸಿಟ್ಟಿಲ್ಲದೆ, ಹೀಯಾಳಿಸುವ ಉದ್ದೇಶವೂ ಇಲ್ಲದೆ, ತೀರಾ ಪ್ರೀತಿಯಿಂದಲೇ. “ಅದು ಯಾವ ಕಾಲ! ಅಂಗಡಿ ಕೆಲಸ ಅಷ್ಟೆ, ಫ್ಯಾನ್ ಒರೆಸೋದು, ಧೂಳು ಊದೋದು. ಈಗ ಇದೆಲ್ಲ ಬೇರೇನೇ ಲೆವೆಲ್ಲು.” ಮಗಳು ಪುಸ್ತಕದಿಂದ ತಲೆಯೆತ್ತಿ ಅಮ್ಮನ ಮುಖ ನೋಡಿದಳು. “ಏನು ನೋಡ್ತೀಯಾ? ಚಿತ್ರ ಬರಿ,” ಎಂದು ಗದರಿದಳು.

ಫ್ಯಾನ್ ಒರೆಸುವುದು. ಅಂಗಡಿಯ ಯಜಮಾನ ಅವಳನ್ನು ‘ರಿಪೇರಿ’ ಎಂದೇ ಕರೆಯುತ್ತಿದ್ದ. ಬೇರೆಯವರು ಕೈಬಿಟ್ಟದ್ದು ಬಂದರೆ “ಏ ರಿಪೇರಿ, ನಿನ್ನ ನೆಂಟ ಬಂದಿದಾನೆ ನೋಡು” ಎಂದು ಕೂಗುತ್ತಿದ್ದ. ಬಂದ ಗಿರಾಕಿಗಳು ಅವಳ ಹೆಗಲ ಮೇಲಿಂದ ಆಚೆಗೆ ನೋಡಿ “ಒಳಗೆ ಯಾರೂ ಇಲ್ವಾಮ್ಮಾ?” ಎನ್ನುತ್ತಿದ್ದರು. ಅವಳು “ನಾನೇ ಇದೀನಿ” ಎನ್ನುತ್ತಿದ್ದಳು, ಅವರು ನಕ್ಕು ಇನ್ನೊಮ್ಮೆ ಆಚೆಗೆ ನೋಡುತ್ತಿದ್ದರು. ಒಬ್ಬ ಮಾತ್ರ ಹಾಗೆ ನೋಡಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಂಪ್ಯೂಟರನ್ನು ಅಪ್ಪಿಕೊಂಡು, ಬೆವತು, ಕನ್ನಡಕ ಮೂಗಿನ ತುದಿಗೆ ಜಾರಿ, “ನನಗೆ ಇದರಲ್ಲಿ ಏನೇನೂ ಗೊತ್ತಾಗಲ್ಲ ರೀ, ನೀವೇ ನೋಡಿ,” ಎಂದಿದ್ದ. ಆ ಒಂದು ವಾಕ್ಯವನ್ನು ನಂಬಿಕೊಂಡು ಅವಳು ಅವನ ಮನೆಗೆ ಬಂದಳು. ಆಮೇಲೆ ಅದನ್ನು ಮತ್ತೆ ಕೇಳಿದ್ದಿಲ್ಲ. ಮದುವೆಯಾದ ಮೇಲೆ ಮೇಷ್ಟ್ರಿಗೆ ಎಲ್ಲವೂ ಗೊತ್ತಾಗತೊಡಗಿತು: ನಲ್ಲಿ ಯಾಕೆ ಸೋರುತ್ತದೆ, ಕೂಸು ಯಾಕೆ ಅಳುತ್ತದೆ, ಅವಳಿಗೆ ಯಾಕೆ ತಲೆನೋವು. ಹುರುಳಿಕಾಯಿ ಬೇಕಾದ್ದಕ್ಕಿಂತ ಸಣ್ಣಗೆ ಹೆಚ್ಚಿಹೋಗಿತ್ತು. ಒದ್ದಾಡಲಿ, ಎಂದುಕೊಂಡಳು. ನಾಳೆ ಸ್ಟಾಫ್ ರೂಮಿನಲ್ಲಿ ನಿಂತು ತೊದಲಲಿ. ಹಾಗೆಂದುಕೊಂಡಾಗ ಹೊಟ್ಟೆಯೊಳಗೆ ಒಂದು ತಣ್ಣನೆಯ ಸುಖ ಇಳಿಯಿತು, ಬಿಸಿಲಲ್ಲಿ ನಡೆದು ಬಂದು ಹೂಜಿಯ ನೀರು ಕುಡಿದ ಹಾಗೆ. ಅದರ ಹಿಂದೆಯೇ ಇದೆಂಥ ಹೆಂಗಸು ನಾನು ಎಂಬುದೂ ಬಂತು, ಅದನ್ನು ಅವಳು ಹುರುಳಿಕಾಯಿಯ ನಾರಿನ ಜೊತೆ ಪಕ್ಕಕ್ಕೆ ಸರಿಸಿದಳು.

ಅತ್ತೆಗೂ ಅವಳಿಗೂ ಆಗಿಬರುತ್ತಿತ್ತು ಎಂದು ಹೇಳಲಾಗದು. “ತಿರುಪುಳಿ ಹಿಡಿಯೋ ಸೊಸೆ ತಂದ್ವಿ, ಸೌಟು ಹಿಡಿಯೋಕೆ ನಾನೇ ಗತಿ,” ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಕೊನೆಯ ವರ್ಷ ಕಾಲು ಬಿದ್ದುಹೋಗಿ ಮಂಚ ಹಿಡಿದಾಗ ಮೊಮ್ಮಗಳಿಗೆ ಒಂದು ಆಟ ಸಿಕ್ಕಿತು: ಕಂಪ್ಯೂಟರಿನ ಮೈಕನ್ನು ಅಜ್ಜಿಯ ಬಾಯಿಗೆ ಹಿಡಿಯುವುದು. ನಲವತ್ತೊಂದು ತುಣುಕುಗಳು. ಅಜ್ಜಿ ಬೈಯುವುದು, ಅಜ್ಜಿ ಕೆಮ್ಮುವುದು, ಅಜ್ಜಿ ತಮ್ಮ ಅಕ್ಕತಂಗಿಯರ ಜಗಳಗಳನ್ನು ಒಂದೂ ಬಿಡದೆ ಹೇಳುವುದು. ಮೇಷ್ಟ್ರು ಅವನ್ನು ಒಮ್ಮೆಯೂ ಹಾಕಿ ಕೇಳಿರಲಿಲ್ಲ. “ಇರ್ಲಿ, ಆಮೇಲೆ ಕೇಳ್ತೀನಿ,” ಎಂದು ಎದ್ದುಹೋಗುತ್ತಿದ್ದರು, ಎದ್ದುಹೋಗುವಾಗ ಬಾಗಿಲಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು; ಕೇಳಿದರೆ ಅಳು ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು, ಅದೊಂದಕ್ಕೆ ಅವಳು ಅವರನ್ನು ಹಗುರವಾಗಿ ಕಾಣಲಾರಳು. ಇಪ್ಪತ್ತಾರನೆಯ ತುಣುಕು ಅವಳಿಗೆ ಬಾಯಿಪಾಠ. ಅಜ್ಜಿ, ಗುಂಡಿಗಳು ಯಾಕೆ ದುಂಡಗಿರ್ತವೆ, ಎಂದು ಮಗು ಕೇಳುತ್ತದೆ. ಅತ್ತೆ ಸ್ವಲ್ಪ ಹೊತ್ತು ಉಸಿರೆಳೆದುಕೊಂಡು ಹೇಳುತ್ತಾರೆ: “ನಿಮ್ಮಮ್ಮನ್ನ ಕೇಳು. ನಿಮ್ಮಪ್ಪನ್ನ ಕೇಳ್ಬೇಡ, ಅವನು ಗೊತ್ತಿಲ್ಲ ಅನ್ನೋದಿಲ್ಲ. ನಿಮ್ಮಮ್ಮನಿಗೆ ಗೊತ್ತಿದ್ರೆ ಹೇಳ್ತಾಳೆ, ಇಲ್ದಿದ್ರೆ ಇಲ್ಲ ಅಂತಾಳೆ.” ಎದುರಿಗೆ ಒಂದು ದಿನವೂ ಅನ್ನದ ಮಾತು. ಅದನ್ನು ಮೇಷ್ಟ್ರು ಎಂದಾದರೂ ಕೇಳಿಸಿಕೊಳ್ಳುತ್ತಾರೆ ಎಂದು ಅವಳು ಎರಡು ವರ್ಷದಿಂದ ಕಾಯುತ್ತಿದ್ದಳು. ಎಲ್ಲವನ್ನೂ ಇನ್ನೊಂದು ಕಡೆಗೆ ನಕಲು ಮಾಡಿಡಬೇಕು ಎಂದೂ ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದಳು, ಮಾಡಿರಲಿಲ್ಲ. ಅಂಗಡಿಯಲ್ಲಿದ್ದಾಗ ನಕಲು ಇಲ್ಲದೆ ಅಳುತ್ತ ಬರುವವರನ್ನು ಕಂಡರೆ ಅವಳಿಗೆ ಎಂಥ ತಾತ್ಸಾರವಿತ್ತು!

“ಸಿಕ್ತು! ಏಯ್, ಸಿಕ್ತು ಕಣೇ!” ಎಂಬ ಕೂಗಿಗೆ ಅವಳು ಚಾಕು ಕೈಯಲ್ಲಿ ಹಿಡಿದುಕೊಂಡೇ ಎದ್ದು ಹೋದಳು. ಮೇಷ್ಟ್ರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಎರಡೂ ಕೈಗಳನ್ನು ತಲೆಯ ಹಿಂದೆ ಕಟ್ಟಿಕೊಂಡಿದ್ದರು, ಕಂಕುಳ ಬಳಿ ಅಂಗಿ ಒದ್ದೆಯಾಗಿತ್ತು. ಫೋನಿನಲ್ಲಿ ಲೈಬ್ರರಿ ಯಾರೋ ಎಲ್ಲೋ ಬರೆದದ್ದನ್ನು ಓದಿ ಹೇಳಿದ್ದರು: ಯಂತ್ರ ಏಳುವಾಗ ಬರುವ ನೀಲಿ ಪರದೆಗೆ ಹೋಗಿ, ಕಂಟ್ರೋಲರ್ ಎಂಬಲ್ಲಿ ಮೋಡ್ ಬದಲಾಯಿಸಿ ಸಾರ್, ಕಾಣುತ್ತೆ. ಬದಲಾಯಿಸಿದ್ದರು, ಕಂಡಿತ್ತು. “ನೋಡು, ಒಂದಲ್ಲ, ಎರಡು! ಎರಡು ಡಿಸ್ಕ್ ಇದೆ ಇದರಲ್ಲಿ, ನಿನಗೆ ಗೊತ್ತಿತ್ತಾ?” ಕೇಳಿದ್ದರು. ಗೊತ್ತಿತ್ತಾ ಎಂದು ಕೇಳಿಯೇಬಿಟ್ಟಿದ್ದರು. ಆದರೆ ಉತ್ತರಕ್ಕೆ ನಿಲ್ಲದೆ ಫೋನಿಗೆ “ಥ್ಯಾಂಕ್ಸ್ ಲೈಬ್ರರೀ, ನಾನೂ ಅದೇ ಅಂದ್ಕೋತಿದ್ದೆ,” ಎಂದು ಹೇಳಿ ಇಟ್ಟರು. ಅವಳ ಕಣ್ಣು ಪರದೆಯ ಮೇಲಿತ್ತು. ಕಂಟ್ರೋಲರನ್ನು ನಡುವಿನಿಂದ ಎಬ್ಬಿಸಿ ಕಳಿಸಿಬಿಟ್ಟಿದ್ದರು. ಎರಡು ಡಿಸ್ಕೂ ಈಗ ಬೇರೆ ಬೇರೆಯಾಗಿ, ತಮ್ಮ ತಮ್ಮ ತೊದಲನ್ನು ಹಿಡಿದುಕೊಂಡು ನಿಂತಿದ್ದವು. ಇನ್ನೂ ಏನೂ ಹಾಳಾಗಿಲ್ಲ, ಎಂದು ಅವಳೊಳಗಿನ ರಿಪೇರಿ ತಣ್ಣಗೆ ಹೇಳಿದಳು. ಮೋಡ್ ಹಿಂದಿನ ಹಾಗೆ ಮಾಡಿದರೆ ಎಲ್ಲ ಇದ್ದಲ್ಲೇ ಇರುತ್ತದೆ, ಮೇಲೆ ಏನೂ ಬರೆಯದಿದ್ದರೆ ಸರಿ. ಮೇಷ್ಟ್ರು ‘ಮುಂದೆ’ ಎಂಬುದನ್ನು ಒತ್ತಿದರು. ಪರದೆ ಒಂದು ಕ್ಷಣ ಯೋಚಿಸಿತು, ಆಮೇಲೆ ನಡುಮಧ್ಯದಲ್ಲಿ ಒಂದು ಬೂದುಬಣ್ಣದ ಚೌಕ ಎದ್ದಿತು: “ಈ ಡಿಸ್ಕ್ ಅನ್ನು ಓದಲಾಗುತ್ತಿಲ್ಲ. ಮುಂದುವರಿಯಲು ಇದನ್ನು ಆರಂಭಿಸಬೇಕು. ಆರಂಭಿಸಲೇ?” ಅದರ ಕೆಳಗೆ ಎರಡು ಗುಂಡಿ, ಹೌದು, ಬೇಡ.

“ಆರಂಭಿಸಲೇ ಅಂತೆ!” ಮೇಷ್ಟ್ರು ನಕ್ಕರು. “ಆರಂಭಿಸಪ್ಪಾ ತಂದೆ, ಬೆಳಿಗ್ಗೆಯಿಂದ ಅದಕ್ಕೇ ತಾನೇ ಕೂತಿರೋದು.” ಕೈ ಚಾಚಿದವರು ತಡೆದು ಕಾಫಿಯ ಲೋಟ ಎತ್ತಿಕೊಂಡರು, ತಣಿದಿದ್ದ ಕಾಫಿಯನ್ನು ವಿಜಯದ ಸಮಾಧಾನದಿಂದ ಗುಟುಕು ಗುಟುಕಾಗಿ ಕುಡಿಯತೊಡಗಿದರು. ಅವಳು ‘ಆರಂಭಿಸಲೇ’ ಎಂಬುದನ್ನು ಇನ್ನೊಮ್ಮೆ ಓದಿದಳು. ಆ ಪದ ಅವಳದು. ಇಂಗ್ಲಿಷಿನಲ್ಲಿದ್ದ ‘ಇನಿಷಿಯಲೈಸ್’ ಎಂಬುದಕ್ಕೆ ಡಿಸ್ಕಿನ ಮೇಲಿರುವುದನ್ನೆಲ್ಲ ಅಳಿಸಿ ಹೊಸ ಹಾಳೆಯ ಹಾಗೆ ಮಾಡುವುದು ಎಂದು ಅರ್ಥ; ಅಂಗಡಿಯವರಿಗೆಲ್ಲ ಅದು ಗೊತ್ತು. ಅವಳು ಮೊದಲು ಅದನ್ನೇ ಬರೆದಿದ್ದಳು, ‘ಪೂರ್ತಿ ಅಳಿಸು’ ಎಂದು. ಆಮೇಲೆ ಅದು ಅವಳಿಗೆ ಒಡ್ಡೊಡ್ಡಾಗಿ ಕಂಡಿತು, ಅಡುಗೆಮನೆಯ ಮಾತಿನ ಹಾಗೆ. ನಿಘಂಟಿನಲ್ಲಿ ಆರಂಭಿಸು ಎಂದಿತ್ತು. ಆರಂಭಿಸು ಎಂಬುದರಲ್ಲಿ ಓದಿದವರ ಗಾಂಭೀರ್ಯವಿತ್ತು, ತಿರುಪುಳಿಯ ವಾಸನೆಯಿರಲಿಲ್ಲ. ಅನುವಾದಗಳನ್ನೆಲ್ಲ ನೋಡಿ ತಿದ್ದುತ್ತಿದ್ದವರು ಯಾವುದೋ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದ ಒಬ್ಬ ಮುದುಕರು. ಅವರು ಬರೆದು ಕೇಳಿದ್ದರು: “ತಾಯೀ, ಆರಂಭಿಸು ಅಂದ್ರೆ ಓದೋರಿಗೆ ಒಳ್ಳೇದೇನೋ ಶುರುವಾಗುತ್ತೆ ಅನ್ಸುತ್ತೆ. ಇಲ್ಲಿ ಇರೋದೆಲ್ಲ ಹೋಗುತ್ತಲ್ಲಮ್ಮ? ನೀವು ಮೊದಲು ಹಾಕಿದ್ದೇ ಸರಿಯಿತ್ತೇನೋ.” ಅವಳು ಒಂದೇ ಸಾಲಿನ ಉತ್ತರ ಕಳಿಸಿದ್ದಳು. ಆ ಸಾಲು ಈಗ ಪರದೆಯ ಮೇಲಿರುವುದಕ್ಕಿಂತ ದೊಡ್ಡ ಅಕ್ಷರದಲ್ಲಿ ಅವಳ ಕಣ್ಣ ಮುಂದೆ ಬಂದು ನಿಂತಿತು: ಅರ್ಥವಾಗದವರು ಯಂತ್ರ ಮುಟ್ಟಬಾರದು. ಮುದುಕರು ಮತ್ತೆ ಬರೆಯಲಿಲ್ಲ. ‘ನಿಮ್ಮಿಷ್ಟ’ ಎಂದೂ ಅನ್ನಲಿಲ್ಲ. ಪದ ಹಾಗೇ ಉಳಿದುಕೊಂಡಿತು. ಅದನ್ನು ಓದಿ ಎಷ್ಟು ಜನ ಹೌದು ಎಂದು ಒತ್ತಿರಬಹುದು? ಎಷ್ಟು ಅತ್ತೆಯಂದಿರ ಕೆಮ್ಮು, ಎಷ್ಟು ಕೂಸುಗಳ ಮೊದಲ ನಗು? ಆ ಜನರಿಗೆ ಅವಳ ಹೆಸರು ಗೊತ್ತಿಲ್ಲ, ಅವರೂ ಯಾರೋ ಕೆಲಸ ಇಲ್ದೋನು ಎಂದು ಬೈದುಕೊಂಡು ಸುಮ್ಮನಾಗಿರುತ್ತಾರೆ.

ಹೇಳು, ಎಂದುಕೊಂಡಳು. ಬೆಳಿಗ್ಗೆಯಿಂದ ಬಾಯಲ್ಲಿ ಹಿಡಿದುಕೊಂಡಿದ್ದ ಆರಕ್ಷರದ ಪದ ಎಷ್ಟು ಸಿಹಿಯಾಗಿತ್ತು, ಈಗ ಹೇಳಬೇಕಾದ್ದು ಅದಲ್ಲ. ‘ಒತ್ತಬೇಡಿ’ ಎಂದರೆ ‘ಯಾಕೆ?’ ಎನ್ನುತ್ತಾರೆ. ‘ಎಲ್ಲ ಅಳಿಸಿಹೋಗುತ್ತೆ’ ಎಂದರೆ ‘ಎಲ್ಲಿ ಬರೆದಿದೆ?’ ಎನ್ನುತ್ತಾರೆ. ಎಲ್ಲೂ ಬರೆದಿಲ್ಲ. ಬರೆಯಬೇಕಾದವಳು ಬರೆಯಲಿಲ್ಲ. ‘ಯಾವನೋ’ ಎಂದು ಬೈದರಲ್ಲ, ಆ ಯಾವನೋ ನಾನೇ ಎಂದು ಹೇಳಬೇಕು. ಇಷ್ಟು ಹೊತ್ತು ಎಲ್ಲ ಗೊತ್ತಿದ್ದೂ ನಿಮ್ಮ ಒದ್ದಾಟ ನೋಡಿ ಖುಷಿಪಡುತ್ತಿದ್ದೆ ಎಂಬುದೂ ಅದರ ಬಾಲದ ಹಾಗೆ ಹೊರಗೆ ಬರುತ್ತದೆ. ಮೇಷ್ಟ್ರು ಸಿಟ್ಟು ಮಾಡುವುದಿಲ್ಲ. ಆ ಕ್ಲಾಸಿನ ದನಿಯಲ್ಲಿ, ಮೃದುವಾಗಿ, ತಪ್ಪು ಮಾಡಿದ ಹಿಂದಿನ ಬೆಂಚಿನ ಹುಡುಗಿಗೆ ಹೇಳುವ ಹಾಗೆ, “ಅನುವಾದ ಅಂದ್ರೆ ಒಂದು ಸೇತುವೆ ಅಂದ್ಕೋ” ಎಂದು ಶುರುಮಾಡುತ್ತಾರೆ. ಅದನ್ನು ನೆನೆದೊಡನೆ ಅವಳ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡವು. ಮದುವೆಯಾದಾಗಿನಿಂದ ಅವನಲ್ಲಿ ಅವಳು ಯಾವುದನ್ನು ಕಂಡು ಮೂಗು ಮುರಿದಿದ್ದಳೋ ಅದು ಈಗ ಅವಳ ಗಂಟಲಲ್ಲಿ ಕೂತಿತ್ತು. ಗೊತ್ತಿಲ್ಲ ಎನ್ನಲಾರದವನು ಅವನು. ತಪ್ಪಾಯಿತು ಎನ್ನಲಾರದವಳು ಇವಳು. ಎರಡೂ ಅರ್ಧರ್ಧ. ಮೇಷ್ಟ್ರು ಕಾಫಿಯ ತಳದ ಗುಟುಕನ್ನು ಮುಗಿಸಿ, ತುಟಿ ಒರೆಸಿಕೊಂಡು, ಲೋಟವನ್ನು ಡಿಸ್ಕಿನ ಬೆನ್ನ ಮೇಲೆಯೇ ಇಟ್ಟರು. ಒದ್ದೆ ಲೋಟವನ್ನು ಡಿಸ್ಕಿನ ಮೇಲೆ ಇಡುತ್ತಾನಲ್ಲ ಈ ಮನುಷ್ಯ, ಎಂದು ಆ ಗಳಿಗೆಯಲ್ಲೂ ಅವಳ ಮನಸ್ಸು ಹೇಸಿಕೊಂಡಿತು, ಆ ಹೇಸಿಗೆಯ ಮರೆಯಲ್ಲಿ ಇನ್ನೊಂದು ಕ್ಷಣ ಬಚ್ಚಿಟ್ಟುಕೊಂಡಿತು. “ಬಾ ಕಡ್ಡಿ, ನೀನೂ ನೋಡು ಬಾ, ಅಪ್ಪ ಆರಂಭಿಸ್ತಿದಾನೆ!” ಎಂದು ಮೇಷ್ಟ್ರು ಕೂಗಿದರು.

ಮಗಳು ಕೆಂಪು ಪುಸ್ತಕವನ್ನು ಎದೆಗೆ ಅವುಚಿಕೊಂಡೇ ಬಂದಳು. ಪರದೆಯ ಮೇಲಿನ ದೊಡ್ಡ ಅಕ್ಷರಗಳನ್ನು ತುಟಿ ಅಲುಗಿಸಿ ಕೂಡಿಸಿ ಕೂಡಿಸಿ ಓದಿದಳು: ಆ-ರಂ-ಭಿ-ಸ-ಲೇ. ಓದಿ ಮುಗಿಸಿ ಪರದೆಯನ್ನು ಬಿಟ್ಟು ಪುಸ್ತಕ ತೆರೆದಳು, ಬೆರಳು ಇಟ್ಟುಕೊಂಡಿದ್ದ ಪುಟವನ್ನೇ. ಅಲ್ಲಿ ಒಂದು ಕಡೆ ಕಾಗದ ಹರಿದುಹೋಗುವಷ್ಟು ಗೀಚಿತ್ತು. ಅದರ ಹಿಂದಿನ ಮಗ್ಗುಲಿನಲ್ಲಿದ್ದ ಕುದುರೆಯ ಹೊಟ್ಟೆಗೂ ತೂತಾಗಿತ್ತು. ಚಾಕು ಹಿಡಿದು ನಿಂತಿದ್ದ ಅವಳು ಆ ಪುಟವನ್ನು ಕಂಡಳು. ಮೇಷ್ಟ್ರ ಬೆರಳು ಗುಂಡಿಯ ಮೇಲೆ ಇಳಿದು ಕೂತಿತ್ತು, ಒತ್ತಿರಲಿಲ್ಲ. ಮಗಳು ಪಕ್ಕಕ್ಕೆ ಬಂದು ನಿಲ್ಲಲಿ ಎಂದು ಕಾಯುತ್ತಿದ್ದರು. ಅವಳು ಬಾಯಿ ತೆರೆದಳು. ಮಗಳು ಅಪ್ಪನ ಕಡೆಗೆ ನೋಡಲಿಲ್ಲ, ಅಮ್ಮನ ಮುಖಕ್ಕೇ ಪುಸ್ತಕ ಹಿಡಿದಳು. ಬೆಳಿಗ್ಗೆಯಿಂದ ಎರಡು ಸಲ ತಡೆಹಿಡಿದದ್ದಕ್ಕೋ ಏನೋ, ಈ ಸಲ ಕೇಳಲೇ ಎಂದು ಕೇಳಲಿಲ್ಲ.

“ಅಮ್ಮಾ, ಇಲ್ಲಿ ಮೊದ್ಲು ‘ಪೂರ್ತಿ ಅಳಿಸು’ ಅಂತ ಸರಿಯಾಗೇ ಬರೆದಿದೀಯಲ್ಲ, ಆಮೇಲೆ ಯಾಕೆ ಅದನ್ನ ಹಿಂಗೆ ಗೀಚಿ ಹಾಕಿ ‘ಆರಂಭಿಸು’ ಅಂತ ಮಾಡ್ದೆ?”